ಹಿಡಿ ಮೇಡಂ

ನಮ್ಮ ಮನೆಯಲ್ಲಿ ಯಾರಾದರೂ ಒಳ್ಳೆಯ ಮಾತಾಡಿದರೆ ಮೊದಲು ಏಳುವ ಪ್ರಶ್ನೆ, ಇವರಿಗೇನು ಬೇಕಾಗಿದೆ ಎಂಬುದು. ಅದರಲ್ಲಿ ನಮ್ಮ ತಪ್ಪೇನಿಲ್ಲ. ನಮ್ಮಪ್ಪ ಜಯತೀರ್ಥ ಕುಲಕರ್ಣಿ ರೈಲ್ವೆಯ ವಿಜಿಲೆನ್ಸ್ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಸಂಶಯಪಡುವುದಕ್ಕೆ ಸರ್ಕಾರ ಅವರಿಗೆ ಸಂಬಳ ಕೊಟ್ಟಿತ್ತು, ಈಗ ಪಿಂಚಣಿ ಕೊಡುತ್ತಿದೆ. ನಾನು ಮೃಣಾಲಿನಿ, ಉಪ್ಪಲ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ತಾವು ಬರೆದ ಪ್ರೋಗ್ರಾಮು ಸರಿಯಾಗಿದೆ ಎಂದು ಆಣೆ ಮಾಡಿ ಹೇಳಿದರೂ ನಂಬದೆ, ಕೂತು ತಪ್ಪು ಹುಡುಕುವ ಕೆಲಸ. ತಾರ್ನಾಕದ ನಮ್ಮ ಮನೆಯಲ್ಲಿ ನಂಬಿಕೆ ಅಂತ ಏನಾದರೂ ಇದ್ದರೆ ಅದು ಅಮ್ಮನ ಹತ್ತಿರ ಮಾತ್ರ. ಅದೂ ಮಂತ್ರಾಲಯದ ರಾಯರ ಮೇಲೆ.

ಆ ಸೋಮವಾರ ಬೆಳಿಗ್ಗೆ ಚಹಾದ ಕಪ್ಪು ನನ್ನ ಕೈಯಿಂದ ಜಾರಿ ಬಿದ್ದು ಒಡೆಯಿತು. ಬೆರಳು ಹಿಡಿದೇ ಇತ್ತು, ಆದರೆ ಹಿಡಿದದ್ದು ನನಗೆ ಗೊತ್ತಾಗುತ್ತಿರಲಿಲ್ಲ.

"ಕೈಗೇನಾಗೇದ?" ಅಂದರು ಅಪ್ಪ, ಪೇಪರಿನಿಂದ ಕಣ್ಣೆತ್ತದೆ.

"ಏನಿಲ್ಲ. ನಿನ್ನಿ ರೇಸಿಂದು."

"ನಿನ್ನಿ ರೇಸು ಅರ್ಧಕ್ಕ ಬಿಟ್ಟು ಬಂದಿ. ಅದರ ಹಿಂದಿಂದೂ ಹಂಗ. ಅರ್ಧ ರೇಸಿಗೆ ಇಷ್ಟು ಆದ್ರ, ಪೂರ್ತಿ ಮಾಡಿದ್ರ ಏನಾಗ್ತದ?"

ಅಮ್ಮ ಒಡೆದ ಚೂರು ಬಳಿಯುತ್ತ, "ಕೊಬ್ಬರಿ ಎಣ್ಣಿ ಕಾಸಿ ತಿಕ್ತೀನಿ ತಡಿ," ಅಂದಳು.

ನಾನು ಓಡಿಸುವುದು ಮಣ್ಣಿನ ರೇಸು. ದಿಬ್ಬ, ತಗ್ಗು, ಕೊರಕಲು ತಿರುವುಗಳಿರುವ ಹಾದಿಯಲ್ಲಿ ಬೈಕನ್ನು ಹಾರಿಸಿಕೊಂಡು ಸುತ್ತು ಹಾಕಬೇಕು. ಮೋಟೋಕ್ರಾಸ್ ಅನ್ನುತ್ತಾರೆ. ಆಗ ಉಪ್ಪಲ್ ದಾಟಿ ಘಟ್ಕೇಸರ್ ಕಡೆಗೆ ಹೋದರೆ ಎಲ್ಲಿ ನೋಡಿದರೂ ವೆಂಚರ್‌ಗಳು. ಹೈದರಾಬಾದಿನಲ್ಲಿ ಹೊಲವನ್ನು ಪ್ಲಾಟು ಮಾಡಿ ಕಲ್ಲು ನೆಟ್ಟರೆ ಅದು ವೆಂಚರ್. ಸಾಫ್ಟ್‌ವೇರಿನವರು ಬಂದು ಕೊಳ್ಳುವವರೆಗೆ ಖಾಲಿ ಬಿದ್ದಿರುವ ಅಂಥ ಒಂದು ಜಾಗದಲ್ಲಿ ನಮ್ಮ ಬೈಕ್ ಕ್ಲಬ್ಬಿನವರು ಮಣ್ಣು ಗುಡ್ಡೆ ಹಾಕಿ ಹಾದಿ ಮಾಡಿದ್ದರು. ವಾರವಿಡೀ ಬೇರೆಯವರ ತಪ್ಪು ಹುಡುಕಿ ಹುಡುಕಿ ಕೆಟ್ಟುಹೋದ ನನ್ನ ತಲೆ, ಆ ದಿಬ್ಬದ ಮೇಲಿಂದ ಬೈಕು ನೆಲ ಬಿಡುವ ಕ್ಷಣದಲ್ಲಿ ಮಾತ್ರ ಖಾಲಿಯಾಗುತ್ತಿತ್ತು. ಆ ಸುಖವನ್ನು ನಾನು ಯಾರಿಗೂ ವಿವರಿಸಿ ಹೇಳಿರಲಿಲ್ಲ. ಹೇಳಿದರೆ ಕಸಿದುಕೊಂಡಾರು ಎಂಬ ಭಯ.

ತೊಂದರೆ ಇಷ್ಟೇ. ಮೂರನೇ ಸುತ್ತಿಗೆ ಬರುವ ಹೊತ್ತಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡೂ ಕೈ ಊದಿ ಕಲ್ಲಾಗುತ್ತಿದ್ದವು. ಭುಜ ಮೇಲೆದ್ದು ಕಿವಿಗೆ ಹತ್ತುತ್ತಿದ್ದವು. ಬೆರಳು ಹ್ಯಾಂಡಲ್ಲಿಗೆ ಕಚ್ಚಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಬ್ರೇಕು ಎಳೆಯಲು ಹೋದರೆ ಎಳೆದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ರೇಸಿನವರು ಇದಕ್ಕೆ ಪಂಪ್ ಬರುವುದು ಅನ್ನುತ್ತಾರೆ. ರಕ್ತ ಒಳಗೆ ನುಗ್ಗುತ್ತದೆ, ಹೊರಗೆ ಹೋಗುವ ದಾರಿ ಸಿಗುವುದಿಲ್ಲ. ಹಿಂದಿನ ದಿನ ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ಬ್ರೇಕು ಹಿಡಿಯಲಾಗದೆ ನಾನು ನೇರವಾಗಿ ಹಗ್ಗ ಹರಿದುಕೊಂಡು ಜನರ ಕಡೆ ನುಗ್ಗಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಜನರ ಮುಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದರು.

ಅದಕ್ಕೇ ಆ ಸೋಮವಾರ ಅವರು ಪೇಪರು ಮಡಿಸಿಟ್ಟು ಹೇಳಿದರು. "ಇನ್ನೊಂದು ರೇಸು. ಅದನ್ನೂ ಮುಗಸ್ಲಿಲ್ಲ ಅಂದ್ರ ಬಿಡು."

ಅಪ್ಪನ ಬಾಯಲ್ಲಿ ಬಿಡು ಎಂದರೆ ಬಿಡು. ನಾನು ರೋಷದಲ್ಲಿ ಎದ್ದು ರಾಯರ ಫೋಟೋದ ಮುಂದೆ ನಿಂತು ಆಯಿತು ಅಂದೆ. ಮುಗಿಸದಿದ್ದರೆ ಬೈಕು ಮಾರಿಬಿಡುತ್ತೇನೆ, ಮತ್ತೆ ಈ ಮನೆಯಲ್ಲಿ ರೇಸಿನ ಹೆಸರೆತ್ತುವುದಿಲ್ಲ ಎಂದು ಮಾತು ಕೊಟ್ಟೆ. ಅದೇ ರೋಷದಲ್ಲಿ ಕ್ಲಬ್ಬಿನವರಿಗೂ ಫೋನು ಮಾಡಿ ಹೇಳಿಬಿಟ್ಟೆ.

ಅಪ್ಪನಿಗೆ ರೇಸು ಇಷ್ಟವಿಲ್ಲದಿದ್ದರೂ ಪ್ರತಿ ಸಲ ನನ್ನ ಹಲಗೆ ಹಿಡಿಯಲು ಅವರೇ ಬರುತ್ತಿದ್ದರು. ಓಡಿಸುವವರಿಗೆ ಬೈಕಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಹಾಗಾಗಿ ಹಾದಿಯ ಪಕ್ಕ ಅವರ ಕಡೆಯವರೊಬ್ಬರು ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಬೇರೆ ಯಾರ ಕೈಗೂ ಆ ಕೆಲಸ ಕೊಡಲು ಅಪ್ಪನಿಗೆ ಧೈರ್ಯವಿಲ್ಲ. ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ವಸ್ತುಪ್ರದರ್ಶನ ನುಮಾಯಿಷ್‌ನಲ್ಲಿ ಮಕ್ಕಳ ಕರಿಹಲಗೆಯೊಂದನ್ನು ಕೊಂಡು ತಂದು, ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆಯುತ್ತಿದ್ದರು. "ಇಂಗ್ಲಿಷಿನಾಗ ಬರದ್ರ ಎದುರಿನವರು ಓದ್ತಾರ," ಅನ್ನುವುದು ಅವರ ಮುಂಜಾಗ್ರತೆ. ಅವರು ಬರೆಯುತ್ತಿದ್ದದ್ದು ಯಾವಾಗಲೂ ಒಂದೇ ಮಾತು: ಹಿಡಿ. ಗಟ್ಟಿಯಾಗಿ ಹಿಡಿ, ಬೀಳಬೇಡ ಎಂದು ಅರ್ಥ.

ಆದರೆ ಜೀವಮಾನವೆಲ್ಲ ಹೈದರಾಬಾದಿನಲ್ಲಿ ಕಳೆದ ಅವರು ಒಂದು ಸಂಗತಿ ಮರೆತಿದ್ದರು. ತೆಲುಗು ಬಲ್ಲವರೆಲ್ಲ ಕನ್ನಡದ ಅಕ್ಷರವನ್ನು ಕೂಡಿಸಿ ಓದಿಬಿಡುತ್ತಾರೆ. ಅರ್ಥ ಮಾತ್ರ ಆಗುವುದಿಲ್ಲ. ಎರಡನೇ ರೇಸಿಗೇ ನೆರೆದವರೆಲ್ಲ ನನ್ನನ್ನು ಕಂಡರೆ ಹಿಡಿ, ಹಿಡಿ ಎಂದು ಕೂಗತೊಡಗಿದರು. ಅದು ನನ್ನ ಹೆಸರೋ, ನಮ್ಮ ಮನೆದೇವರೋ ಎಂದು ಅವರ ಭಾವನೆ ಇದ್ದಿರಬೇಕು. ಮೈಕಿನವನು ನನ್ನನ್ನು "ಹಿಡಿ ಮೇಡಂ" ಎಂದೇ ಕರೆಯುತ್ತಿದ್ದ. ಅಪ್ಪ ಮಾತ್ರ ತಮ್ಮ ಗುಟ್ಟು ಭದ್ರವಾಗಿದೆ ಎಂದು ನಂಬಿದ್ದರು.

ಕಂಪನಿಯಲ್ಲಿ ಕುಳಿತು ನನ್ನ ಕೈಯ ತೊಂದರೆಯನ್ನು ನಾನು ಬೇರೆ ಯಾವುದೇ ತಪ್ಪನ್ನು ಹುಡುಕುವಂತೆ ಹುಡುಕಿದೆ. ಒಬ್ಬಳೇ ಅಭ್ಯಾಸ ಮಾಡುವಾಗ ಎಷ್ಟು ಹೊತ್ತು ಓಡಿಸಿದರೂ ಕೈ ಕಲ್ಲಾಗುತ್ತಿರಲಿಲ್ಲ. ರೇಸಿನ ದಿನ ಮಾತ್ರ ಆಗುತ್ತಿತ್ತು. ಅದೇ ಬೈಕು, ಅದೇ ಹಾದಿ, ಅದೇ ಕೈ. ಹಾಗಿದ್ದರೆ ರೇಸಿನ ದಿನ ಇದ್ದು, ಬೇರೆ ದಿನ ಇಲ್ಲದ್ದು ಯಾವುದು? ಇದನ್ನು ಯೋಚಿಸಿದಾಗಲೆಲ್ಲ ನನ್ನ ಕಣ್ಣ ಮುಂದೆ ಒಂದೇ ಮುಖ ಬರುತ್ತಿತ್ತು.

ಭಾಗ್ಯಶ್ರೀ. ಹುಸೇನಪ್ಪ ಮೇಸ್ತ್ರಿಯ ಮಗಳು. ದೇವದುರ್ಗದ ಕಡೆಯಿಂದ ಬಂದ ಮನೆತನ. ಉಪ್ಪಲ್‌ನ ದೊಡ್ಡ ಕಟ್ಟಡಗಳು ಏಳುವಾಗ ಅವುಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಬೆಳೆದವಳು. ಅಪ್ಪನ ಹಳೇ ಬೈಕನ್ನು ಟಿಪ್ಪರ್ ಓಡಾಡುವ ಕೆಸರಿನಲ್ಲಿ ಓಡಿಸಿ ಕಲಿತಿದ್ದಳು. ಈಗ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ. ಅಲ್ಲಿ ಅಮೆರಿಕದವರ ಜೊತೆ ಮಾತಾಡುವಾಗ ಅವಳ ಹೆಸರು ಬ್ರೆಂಡಾ. ಹೆಂಗಸರ ವಿಭಾಗದಲ್ಲಿ ಓಡಿಸುತ್ತಿದ್ದದ್ದು ನಾಲ್ವರೇ: ಅವಳು, ನಾನು, ಸಿಕಂದರಾಬಾದಿನ ಇಬ್ಬರು. ಗೆಲ್ಲುತ್ತಿದ್ದದ್ದು ಅವಳು. ಗೆದ್ದು ಬಂದು ಹೆಲ್ಮೆಟ್ಟು ತೆಗೆದು ಜಡೆ ಕೊಡವುವಾಗ ಅವಳ ಮುಖದಲ್ಲಿ ಇರುತ್ತಿದ್ದ ಠೀವಿ ನನಗೆ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕೊನೆಯ ರೇಸಿಗೆ ಒಂದೆರಡು ವಾರ ಇರುವಾಗ ಅವಳಾಗಿಯೇ ನನ್ನ ಹತ್ತಿರ ಬಂದಳು. ನಾನು ಹಾದಿಯ ಪಕ್ಕದ ಪ್ಲಾಟಿನ ಕಲ್ಲಿನ ಮೇಲೆ ಕೂತು, ಬೆರಳಿಗೆ ಶಕ್ತಿ ಬರಲೆಂದು ಸ್ಪ್ರಿಂಗಿನ ಹಿಡಿಕೆಯೊಂದನ್ನು ಒತ್ತುತ್ತಿದ್ದೆ. ಕಂಪನಿಯ ಜಿಮ್ಮಿನಲ್ಲಿ ಭಾರ ಎತ್ತುವುದು ಬೇರೆ ನಡೆದಿತ್ತು.

"ಅಕ್ಕಾರ, ನಿಮಗ ಪಂಪ್ ಬರತೈತಲ್ಲ, ಒಂದು ಮಾತು ಹೇಳಲೇನ್ರಿ?"

"ಹೇಳು."

"ಅದನ್ನ ಮೊದಲ ಒಗೀರಿ." ಸ್ಪ್ರಿಂಗಿನ ಕಡೆ ಕೈ ತೋರಿಸಿದಳು. "ಅದರಿಂದ ಕೈ ಹಿಡಿಯೋದು ಕಲೀತೈತಿ. ನಿಮಗ ಹಿಡಿಯೋದು ಭಾಳ ಚಲೋ ಬರತೈತಿ. ಬಿಡೋದು ಬರಂಗಿಲ್ಲ."

"ಬಿಟ್ರ ಬೀಳ್ತೀನಿ."

"ಪೂರಾ ಬಿಡಬ್ಯಾಡ್ರಿ. ಮೊಣಕಾಲಿನಾಗ ಪೆಟ್ರೋಲ್ ಟ್ಯಾಂಕ್ ಒತ್ತಿ ಹಿಡೀರಿ. ಗಾಡಿ ಕಾಲಿನಾಗ ಇರಬೇಕು, ಕೈಯಾಗ ಅಲ್ಲ. ಕೈಯಾಗ ತತ್ತಿ ಐತಿ ಅನ್ಕೊಂಡು ಓಡಸ್ರಿ."

"ನಮ್ಮ ಮನ್ಯಾಗ ತತ್ತಿ ಮುಟ್ಟೂದಿಲ್ಲ."

"ಹಂಗಾರ ಹಪ್ಪಳ ಅನ್ಕೊರಿ," ಅಂದಳು ನಗದೆ. "ನಿಮ್ಮ ಬ್ರೇಕು, ಕ್ಲಚ್ಚಿನ ಲಿವರ್ ಭಾಳ ಮ್ಯಾಲೆ ಅದಾವ. ಕೆಳಗ ತಿರುಗಿಸಿದ್ರ ಮಣಿಕಟ್ಟು ನೆಟ್ಟಗ ಇರತೈತಿ. ನನಗೂ ಮೊದಲ ಇದಾ ತ್ರಾಸ ಇತ್ತು. ಪುಣೆದಾಕಿ ಒಬ್ಬಾಕಿ ಹೇಳಿಕೊಟ್ಲು."

ಎದುರಾಳಿ ತಾನಾಗಿ ಬಂದು ವ್ಯಾಯಾಮ ಬಿಡು ಅನ್ನುತ್ತಿದ್ದಾಳೆ, ಹ್ಯಾಂಡಲ್ ಬಿಡು ಅನ್ನುತ್ತಿದ್ದಾಳೆ, ಬ್ರೇಕಿನ ಲಿವರನ್ನು ಜಾಗದಿಂದ ಕದಲಿಸು ಅನ್ನುತ್ತಿದ್ದಾಳೆ. ರೇಸು ಬಿಡು ಅನ್ನುವುದೊಂದೇ ಬಾಕಿ ಇತ್ತು.

"ನೀ ಯಾಕ ನನಗ ಇದೆಲ್ಲ ಹೇಳ್ಲಿಕ್ಕತ್ತಿ?" ಕೇಳಿದೆ.

ಅವಳು ಮಾತು ಬದಲಿಸಿದಳು. "ಇನ್ನೊಂದೈತಿ. ನಿಮ್ಮಪ್ಪಾರು ಪ್ರತಿ ಸುತ್ತಿಗೂ ಹಿಡಿ ಅಂತ ತೋರಸ್ತಾರ. ಅದನ್ನ ನೋಡಿ ನೀವು ಇನ್ನಷ್ಟು ಹಿಡೀತೀರಿ. ನಾ ಹಿಂದಿನಿಂದ ಎಷ್ಟು ಸಲ ನೋಡೀನಿ, ಹಲಗಿ ದಾಟಿದ ಕೂಡ್ಲೆ ನಿಮ್ಮ ಭುಜ ಏಳತಾವ. ಬಿಡು ಅಂತ ಬರೀರಿ ಅಂತ ಹೇಳ್ರಿ ಅವರಿಗೆ."

"ನಮ್ಮಪ್ಪನ ಹಲಗಿ ಸುದ್ದಿಗೆ ನೀ ಬರಬ್ಯಾಡ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವಳು ಭುಜ ಕುಣಿಸಿ ಹೊರಟುಹೋದಳು.

ಮನೆಗೆ ಬಂದು ಹೇಳಿದಾಗ ಅಪ್ಪನ ಕಣ್ಣಲ್ಲಿ ಹಳೆಯ ಹೊಳಪು ಬಂತು. ನಿವೃತ್ತರಾದ ಮೇಲೆ ಹಾಲಿನವನು, ಕೇಬಲ್ಲಿನವನು ಬಿಟ್ಟರೆ ಅವರಿಗೆ ಸರಿಯಾದ ಆಸಾಮಿಯೇ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಅವಳ ಕಾಲ್ ಸೆಂಟರಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಮಧ್ಯಾಹ್ನ ಊಟಕ್ಕೆ ಬಂದರು.

"ಆ ಹುಡುಗಿಗೆ ಎರಡು ಹೆಸರವ," ಅಂದರು ತಟ್ಟೆಯ ಮುಂದೆ ಕೂತು. "ಹಗಲಿಗೊಂದು, ರಾತ್ರಿಗೊಂದು. ಎರಡು ಹೆಸರು ಇಟ್ಕೊಂಡವರನ್ನ ನಾ ಎಷ್ಟು ಮಂದೀನ್ನ ಹಿಡದೀನಿ."

"ನಿಮಗೂ ಎರಡವಲ್ಲ," ಅಂದಳು ಅಮ್ಮ ಸಾರು ಬಡಿಸುತ್ತ. "ಸರ್ವಿಸಿನಾಗ ಜಯತೀರ್ಥ, ನಿಮ್ಮ ತಂಗಿ ಮನ್ಯಾಗ ಬಂಡ್ಯಾ."

"ತುಳಸಾ, ನೀ ಸುಮ್ಮನಿರು. ಇದು ಗಂಭೀರ ವಿಷಯ." ಅಪ್ಪ ನನ್ನ ಕಡೆ ತಿರುಗಿದರು. "ಎದುರಿನ ಪಾರ್ಟಿ ಪುಕ್ಕಟೆ ಸಲಹಾ ಕೊಡ್ಲಿಕ್ಕೆ ಬಂದ್ರ ಅದರಾಗ ಏನೋ ಅದ. ಅಕಿ ಕೊಟ್ಟಿದ್ದು ನೀರೂ ಕುಡೀಬ್ಯಾಡ."

ಆದರೂ ನಾನು ಟೆಸ್ಟರ್. ನಂಬದಿದ್ದರೂ ಪರೀಕ್ಷೆ ಮಾಡದೆ ಬಿಡುವುದು ನನ್ನ ಧರ್ಮವಲ್ಲ. ಮುಂದಿನ ಅಭ್ಯಾಸದ ದಿನ, ಯಾರೂ ಇಲ್ಲದಾಗ, ದಿಬ್ಬ ಇಳಿಯುವಾಗ ಬೆರಳು ಸಡಿಲ ಮಾಡಿದೆ. ಮುಂದಿನ ಚಕ್ರ ಒಂದು ಕೊರಕಲಿಗೆ ಬಿದ್ದು ಹ್ಯಾಂಡಲ್ ತಿರುಚಿಕೊಂಡಿತು; ಬೈಕು ಒಂದು ಕಡೆ, ನಾನೊಂದು ಕಡೆ ಬಿದ್ದೆವು. ಮೊಣಕಾಲು ಒತ್ತುವ ಮಾತನ್ನು ಮರೆತಿದ್ದೆ. ಅಥವಾ, ಅವಳು ಹೇಳಿದ್ದನ್ನು ಪೂರ್ತಿ ಮಾಡಲು ಮನಸ್ಸು ಬಂದಿರಲಿಲ್ಲ. ಬಾಯೊಳಗಿನ ಮಣ್ಣು ಉಗಿಯುತ್ತ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಅವಳು ನನ್ನನ್ನು ಬೀಳಿಸಲೆಂದೇ ಹೇಳಿದ್ದಳು ಎಂಬುದು ಸಾಬೀತಾಗಿತ್ತು. ಮನೆಗೆ ಹೋಗಿ ಸ್ಪ್ರಿಂಗಿನ ಹಿಡಿಕೆಯನ್ನು ಇನ್ನಷ್ಟು ಒತ್ತಿದೆ.

ರೇಸು ಸಂಕ್ರಾಂತಿಯ ಮರುವಾರ. ಬಿಸಿಲು ಹಿತವಾಗಿತ್ತು, ನೆಲದ ಮೇಲೆ ನೀರು ಚಿಮುಕಿಸಿದ್ದರಿಂದ ಧೂಳೂ ಇರಲಿಲ್ಲ. ಅಪ್ಪ ಮಡಚುವ ಕುರ್ಚಿ ಹಾಕಿಕೊಂಡು ನನ್ನ ಬೈಕಿನ ಪಕ್ಕ ಕಾವಲು ಕೂತಿದ್ದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಅವರ ಕರವಸ್ತ್ರ. ಭಾಗ್ಯಶ್ರೀ ಆ ಕಡೆ ಹಾದುಹೋದಾಗಲೆಲ್ಲ ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ನಾನು ಮೊಣಕಾಲಿನ ಪಟ್ಟಿ, ಎದೆಕವಚ ಹಾಕಿಕೊಂಡು ಬರಲು ಡೇರೆಯ ಹಿಂದೆ ಹೋಗಿದ್ದೆ. ಅಷ್ಟರಲ್ಲಿ ಮೈಕಿನವನು, ಹಲಗೆ ಹಿಡಿಯುವವರು ತಮ್ಮ ಜಾಗಕ್ಕೆ ಬನ್ನಿ ಎಂದು ಕರೆದ, ಅಪ್ಪ ಹೋಗಲೇಬೇಕಾಯಿತು.

ಬೈಕನ್ನು ಗೆರೆಯ ಹತ್ತಿರ ತಂದು, ಎಂಜಿನ್ ಶುರು ಮಾಡಿ, ಬೆರಳು ಚಾಚಿದಾಗ ಕ್ಲಚ್ಚು ತನ್ನ ಜಾಗದಲ್ಲಿ ಸಿಗಲಿಲ್ಲ. ಬಗ್ಗಿ ನೋಡಿದೆ. ನೆಲಕ್ಕೆ ಸಮನಾಗಿ ನಾನು ಇಟ್ಟಿದ್ದ ಎರಡೂ ಲಿವರುಗಳು ಕೆಳಮುಖವಾಗಿ ಬಾಗಿ ನಿಂತಿದ್ದವು. ಯಾರೋ ತಿರುಗಿಸಿ ಮತ್ತೆ ಬಿಗಿ ಮಾಡಿದ್ದರು.

ನನ್ನ ಪಕ್ಕದಲ್ಲಿ ಭಾಗ್ಯಶ್ರೀ ನೇರವಾಗಿ ಮುಂದೆ ನೋಡುತ್ತಿದ್ದಳು. "ನನ್ನ ಲಿವರ್ ಮುಟ್ಟಿದವರು ಯಾರು?" ಎಂದು ಕೂಗಿದೆ. ನಾಲ್ಕು ಎಂಜಿನ್ನುಗಳ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಬಿಗಿ ಸಡಿಲಿಸಲು ಪಾನಾ ತರಿಸುವಷ್ಟು ಸಮಯವಿರಲಿಲ್ಲ. ಇಳಿದು ನಿಂತರೆ ರೇಸು ಮುಗಿಸಲಿಲ್ಲವೆಂದೇ ಲೆಕ್ಕ. ಮನೆಗೆ ಹೋಗಿ ಬೈಕು ಮಾರಬೇಕು. ಬಾವುಟ ಬಿತ್ತು.

ಆರು ಸುತ್ತು. ಮೊದಲ ಸುತ್ತಿನಲ್ಲಿ ಸಿಟ್ಟೇ ನನ್ನನ್ನು ಎಳೆದುಕೊಂಡು ಹೋಯಿತು. ಭಾಗ್ಯಶ್ರೀ ಮುಂದೆ, ಹಿಂದೆಯೇ ನಾನು. ಅಪ್ಪನ ಹಲಗೆ: ಹಿಡಿ. ಎರಡನೆಯ ಸುತ್ತಿನಲ್ಲೂ ಹಿಡಿ. ಜನರೂ ಹಿಡಿ, ಹಿಡಿ ಎಂದು ಕೈಯೆತ್ತುತ್ತಿದ್ದರು. ನಾನು ಹಿಡಿದೆ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಆ ಹ್ಯಾಂಡಲ್ಲನ್ನು ಯಾರೋ ಕಿತ್ತುಕೊಳ್ಳಲು ಬಂದಿದ್ದಾರೆ ಎಂಬಂತೆ ಹಿಡಿದೆ. ಮೂರನೇ ಸುತ್ತಿಗೆ ಅದು ಬಂತು. ಮೊದಲು ಕಿರುಬೆರಳು ಮರಗಟ್ಟಿತು, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೆ ಎಲ್ಲವೂ. ನಾಲ್ಕನೆಯ ಸುತ್ತಿನಲ್ಲಿ ನೀರಿನ ಟ್ಯಾಂಕಿನ ತಿರುವನ್ನು ಹೇಗೆ ದಾಟಿದೆನೋ ಇವತ್ತಿಗೂ ಗೊತ್ತಿಲ್ಲ. ಹಿಂದಿನ ಚಕ್ರ ಹಗ್ಗಕ್ಕೆ ಉಜ್ಜಿಕೊಂಡೇ ಹೋಯಿತು. ಇನ್ನೊಮ್ಮೆ ಆ ತಿರುವಿಗೆ ಬಂದರೆ ಬ್ರೇಕು ಸಿಗುವುದಿಲ್ಲ ಎಂದು ಖಚಿತವಾಯಿತು. ಅಳು ಬಂತು. ಹೆಲ್ಮೆಟ್ಟಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲವೆಂದು ಒಂದಿಷ್ಟು ಅತ್ತೆ ಕೂಡ.

ಆಗ ನೇರ ಹಾದಿಯ ತುದಿಯಲ್ಲಿ ಅಪ್ಪ ಕಂಡರು. ಯಾವತ್ತೂ ಹಗ್ಗದಾಚೆ ನಿಲ್ಲುವವರು ಹಗ್ಗ ದಾಟಿ ಒಳಗೆ ಬಂದು, ಹಲಗೆಯನ್ನು ತಲೆಯ ಮೇಲೆತ್ತಿ ಹಿಡಿದಿದ್ದರು. ಅದರ ಮೇಲೆ ಹಿಡಿ ಎಂದಿರಲಿಲ್ಲ.

ಬಿಡು.

ಅವರ ಕೈಬರಹವೇ. ಅವಸರದಲ್ಲಿ ಬರೆದದ್ದು, ಹಳೆಯ ಅಕ್ಷರ ಪೂರ್ತಿ ಅಳಿಸಿರಲಿಲ್ಲ. ನನ್ನ ತಲೆಯಲ್ಲಿ ಮಿಂಚಿದಂತೆ ಒಂದೇ ಯೋಚನೆ ಹಾದುಹೋಯಿತು. ಭಾಗ್ಯಶ್ರೀ ಇವರಿಗೆ ಹೇಳಿದ್ದಾಳೆ. ಇವರು ಅವಳನ್ನು ನಿಲ್ಲಿಸಿ, ತಿರುಗಾ ಮುರುಗಾ ಪ್ರಶ್ನೆ ಕೇಳಿ, ಬೇರೆ ನಾಲ್ಕು ಜನರನ್ನು ವಿಚಾರಿಸಿ, ಕೊನೆಗೆ ಒಪ್ಪಿದ್ದಾರೆ. ಸತ್ಯನಾರಾಯಣನ ಪ್ರಸಾದವನ್ನೂ ಮೂಸಿ ನೋಡಿ ತಿನ್ನುವ ಮನುಷ್ಯ ಬಿಡು ಎಂದು ಬರೆದಿದ್ದಾರೆಂದರೆ ಅದನ್ನು ನಾನು ಇನ್ನೊಮ್ಮೆ ಪರೀಕ್ಷಿಸಬೇಕಾದ್ದಿಲ್ಲ.

ಮೊಣಕಾಲುಗಳನ್ನು ಟ್ಯಾಂಕಿಗೆ ಒತ್ತಿದೆ. ಬೈಕು ನನ್ನ ಕಾಲುಗಳ ನಡುವೆ ಬಂದು ನಿಂತಂತೆ ಅನ್ನಿಸಿತು. ಎಷ್ಟೋ ಹೊತ್ತಿನಿಂದ ಒಳಗೇ ಇಟ್ಟುಕೊಂಡಿದ್ದ ಉಸಿರನ್ನು ಬಿಟ್ಟೆ, ಭುಜಗಳು ಇಳಿದವು. ಆಮೇಲೆ ಬೆರಳು. ಮೊದಲು ಎಡಗೈ, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದೆ. ಹಪ್ಪಳ, ಹಪ್ಪಳ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ದಿಬ್ಬ ಬಂತು. ಬೈಕು ಕೈಯ ಕೆಳಗೆ ಕುಣಿಯಿತು, ನಾನು ಕುಣಿಯಲು ಬಿಟ್ಟೆ. ಅದು ತಾನಾಗಿ ನೆಟ್ಟಗಾಯಿತು. ಅಂಗೈಗೆ ಜೋಮು ಹಿಡಿದು ಸೂಜಿ ಚುಚ್ಚಿದಂತೆ ನೋವಾಯಿತು. ಆ ನೋವು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಜೋರಾಗಿ ನಕ್ಕುಬಿಟ್ಟೆ. ಕೈ ಮತ್ತೆ ನನ್ನದಾಗುತ್ತಿತ್ತು.

ಐದನೆಯ ಸುತ್ತಿನಲ್ಲಿ ನೀರಿನ ಟ್ಯಾಂಕಿನ ತಿರುವಿಗೆ ಬಂದಾಗ ಎರಡು ಬೆರಳು ಚಾಚಿದೆ. ಕೆಳಗೆ ಬಾಗಿದ್ದ ಆ ಹಾಳು ಲಿವರು ಬೆರಳಿನ ಕೆಳಗೇ ಇತ್ತು. ಮಣಿಕಟ್ಟು ಬಗ್ಗಿಸಬೇಕಾಗಲಿಲ್ಲ. ಎಳೆದೆ, ಬೈಕು ನಿಧಾನವಾಯಿತು, ತಿರುಗಿತು. ಆರನೆಯ ಸುತ್ತಿನಲ್ಲಿ ಭಾಗ್ಯಶ್ರೀಯ ಹಿಂದಿನ ಚಕ್ರದ ಮಣ್ಣು ನನ್ನ ಎದೆಗೆ ಬಂದು ಬಡಿಯುವಷ್ಟು ಹತ್ತಿರವಿದ್ದೆ. ಅವಳೇ ಗೆದ್ದಳು. ನಾನು ಎರಡನೆಯವಳಾಗಿ, ಎಂಜಿನ್ ಆರಿಸದೆ, ಬೀಳದೆ, ಮುಗಿಸಿದೆ. ಮೊಟ್ಟಮೊದಲ ಸಲ ಮುಗಿಸಿದೆ.

ಭಾಗ್ಯಶ್ರೀ ಬೈಕು ನಿಲ್ಲಿಸಿ ನನ್ನ ಹತ್ತಿರ ಬಂದಳು. ಜಡೆ ಕೊಡವಿದಳು.

"ಲಿವರ್ ನೀನೇ ತಿರುಗಿಸಿದ್ದಿ," ಅಂದೆ.

"ಹೌದ್ರಿ. ಕೇಳಿದ್ರ ಬ್ಯಾಡ ಅಂತಿದ್ರಿ."

"ಇನ್ನೊಬ್ಬರ ಗಾಡಿ ಮುಟ್ಟಬಾರದು ಅಂತ ಗೊತ್ತಿಲ್ಲೇನು ನಿನಗ?"

"ಗೊತ್ತೈತ್ರಿ. ಕಂಪ್ಲೇಂಟ್ ಕೊಡ್ರಿ ಬೇಕಾರ." ಸ್ವಲ್ಪವೂ ನಾಚಿಕೆಯಿರಲಿಲ್ಲ ಅವಳಿಗೆ.

"ಯಾಕ ಮಾಡಿದಿ? ನಾ ಮುಗಿಸಿದ್ರ ನಿನಗೇನು ಬಂತು?"

"ನೀವು ಈ ಸಲ ಮುಗಸ್ಲಿಲ್ಲಂದ್ರ ಬಿಡತೀರಂತ ಕ್ಲಬ್ಬಿನಾಗ ಎಲ್ಲಾರಿಗೂ ಗೊತ್ತೈತಿ. ನೀವು ಬಿಟ್ರ ನಾವು ಮೂರು ಮಂದಿ. ನಾಕು ಮಂದಿ ಇಲ್ಲಂದ್ರ ಹೆಣ್ಮಕ್ಕಳ ರೇಸು ತಗದು ಹಾಕತಾರಂತ. ಆಮ್ಯಾಲೆ ನಾ ಎಲ್ಲಿ ಓಡಸಲಿ, ನಮ್ಮಪ್ಪನ ಟಿಪ್ಪರ್ ಹಿಂದ?"

ಇದನ್ನು ಕೇಳಿ ನನಗೆ ತುಂಬ ಹಗುರವಾಯಿತು. ಅವಳದ್ದು ಒಳ್ಳೆಯತನವಲ್ಲ, ಸ್ವಾರ್ಥ. ಸ್ವಾರ್ಥವಾದರೆ ನನಗೆ ಅರ್ಥವಾಗುತ್ತದೆ; ಅದರ ಮೇಲೆ ಭಾರ ಹಾಕಿ ನಿಲ್ಲಬಹುದು. ಅದೇ ಗಳಿಗೆಯಿಂದ ನಾನು ಅವಳನ್ನು ನಂಬಿದೆ.

"ಎಲ್ಲಾ ಖರೆ. ಆದ್ರ ನಮ್ಮಪ್ಪಗ ಹ್ಯಾಂಗ ಒಪ್ಪಿಸಿದಿ, ಅದನ್ನ ಹೇಳು," ಅಂದೆ.

"ಏನು ಒಪ್ಪಸೂದ್ರಿ?"

"ಹಲಗಿ ಮ್ಯಾಲೆ ಬಿಡು ಅಂತ ಬರೀಲಿಕ್ಕೆ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಾ ಅವರ ಸಂಗಾಟ ಮಾತಾ ಆಡಿಲ್ಲರಿ. ನನ್ನ ಕಂಡ್ರ ಅವರು ಜೇಬು ಮುಟ್ಟಿ ನೋಡ್ಕೋತಾರ."

ಅಪ್ಪ ದೂರದಲ್ಲಿ ಪ್ಲಾಟಿನ ಕಲ್ಲೊಂದರ ಮೇಲೆ ಕೂತಿದ್ದರು. ತೊಡೆಯ ಮೇಲೆ ಹಲಗೆ. ಇಸ್ತ್ರಿಯ ಅಂಗಿಯ ಮೇಲೆಲ್ಲ ಸುಣ್ಣ. ನಾನು ಹೋಗಿ ಎದುರು ನಿಂತೆ. ಅವರು ತಲೆಯೆತ್ತಲಿಲ್ಲ.

"ನಾ ಬಿಡು ಅಂತ ಬರದಿದ್ದೆ," ಅಂದರು.

"ನೋಡಿದೆ."

"ನಿನ್ನ ಭುಜ ಕಿವಿಗೆ ಹತ್ತಿದ್ವು. ಆ ತಿರುವಿನಾಗ ಹಗ್ಗಕ್ಕ ಬಡದಿ. ಹಿಂದಿನ ಸಲದಂಗ ಮತ್ತೊಮ್ಮೆ ನೋಡೋ ಶಕ್ತಿ ನನಗಿದ್ದಿಲ್ಲ. ಸಾಕು, ರೇಸೂ ಬ್ಯಾಡ, ಏನೂ ಬ್ಯಾಡ, ಬಿಟ್ಟು ಇಳದು ಬಾ ಅಂತ ಬರದೆ." ಹಲಗೆಯ ಅಂಚಿನ ಸುಣ್ಣ ಒರೆಸಿದರು. "ನೀ ಬಿಡಲಿಲ್ಲ. ಅಪ್ಪ ಹೇಳಿದ್ದು ಕೇಳಲಿಲ್ಲ."

ಅವರು ಯಾರನ್ನೂ ವಿಚಾರಿಸಿರಲಿಲ್ಲ, ಏನನ್ನೂ ಪರೀಕ್ಷಿಸಿರಲಿಲ್ಲ. ಜೀವನದಲ್ಲಿ ಒಮ್ಮೆ ಹೆದರಿ ಏನೋ ಬರೆದಿದ್ದರು. ಜೀವನದಲ್ಲಿ ಒಮ್ಮೆ ನಾನು ಪರೀಕ್ಷೆ ಮಾಡದೆ ನಂಬಿದ್ದೆ.

"ಕೇಳಿದೆ ಅಪ್ಪಾ," ಅಂದೆ. "ನೀ ಬಿಡು ಅಂದಿ, ಬಿಟ್ಟೆ. ಬಿಟ್ಟಿದ್ದಕ್ಕೇ ಮುಗೀತು."

ಅಪ್ಪ ಆಗ ತಲೆಯೆತ್ತಿ, ಎಲ್ಲೋ ಏನೋ ತಾಳೆಯಾಗುತ್ತಿಲ್ಲ ಎಂಬಂತೆ ನನ್ನನ್ನು ನೋಡಿದರು. ಮುಖದಿಂದ ಕಣ್ಣು ಇಳಿಸಿ ನನ್ನ ಕೈ ನೋಡಿದರು. ಬಲಗೈ ತೆಗೆದುಕೊಂಡು, ಕೈಗವಸು ಎಳೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎಲ್ಲವೂ ಬಿಡಿಸಿಕೊಂಡವು. ಕಿರುಬೆರಳನ್ನು ಇನ್ನೊಮ್ಮೆ ಮಡಿಸಿ, ಇನ್ನೊಮ್ಮೆ ಬಿಡಿಸಿದರು. ಆಮೇಲೆ ಸುಣ್ಣ ಹತ್ತಿದ ತಮ್ಮ ಎರಡೂ ಕೈಗಳ ನಡುವೆ ಅದನ್ನು ಇಟ್ಟುಕೊಂಡು ಕೂತರು.

ಮೈಕಿನವನು ಬಹುಮಾನಕ್ಕೆ ಕರೆಯುತ್ತಿದ್ದ. ಅವನಿಗೂ ಹೊಸ ಅಕ್ಷರ ಕಂಡಿತ್ತು. "ದೂಸರೇ ನಂಬರ್ ಪೇ, ಬಿಡು ಮೇಡಂ," ಅನ್ನುತ್ತಿದ್ದ.

"ಹೋಗು, ಕರೀಲಿಕ್ಕತ್ತಾರ," ಅಂದರು ಅಪ್ಪ.

ಆದರೆ ನನ್ನ ಕೈ ಬಿಡಲಿಲ್ಲ.